ಸಿ ಪ್ರೋಗ್ರಾಂನಿಂದ ಆಬ್ಜೆಕ್ಟ್ ಫೈಲ್ ಓದುವುದು, ಬರೆಯುವುದು: ಬಿಎಫ್‌ಡಿ ಲೈಬ್ರರಿಗೆ ಹಂತ ಹಂತದ ಮಾರ್ಗದರ್ಶಿ

ಹಾಸನ, ಚಿಕ್ಕಮಗಳೂರು ಕಡೆಯ ಇಂಜಿನಿಯರಿಂಗ್ ವಿದ್ಯಾರ್ಥಿಗಳು ಕೊನೆ ವರ್ಷದ ಪ್ರಾಜೆಕ್ಟ್ ಹೊತ್ತಿಗೆ ನನಗೆ ಕಳಿಸುವ ಕೋಡ್‌ನಲ್ಲಿ ಒಂದೇ ತೊಂದರೆ ಮತ್ತೆ ಮತ್ತೆ ಬರುತ್ತಿದೆ. "ಎರರ್ ಏನೂ ಇಲ್ಲ ಸರ್, ಆದ್ರೆ ಸೆಕ್ಷನ್ ಒಂದೂ ಕಾಣ್ತಿಲ್ಲ" ಅಂತ ಒಬ್ಬರು. "ಫೈಲ್ ಬಂತು, ಲಿಂಕ್ ಕೂಡ ಆಯ್ತು, ರನ್ ಮಾಡಿದ್ರೆ ಕ್ರ್ಯಾಶ್" ಅಂತ ಇನ್ನೊಬ್ಬರು. ಬಿಎಫ್‌ಡಿ ಎಂದರೆ ಆಬ್ಜೆಕ್ಟ್ ಫೈಲ್ ಓದಿ ಬರೆಯಲು ಇರುವ ಗ್ನೂ ಲೈಬ್ರರಿ. ಆಬ್ಜೆಕ್ಟ್ ಫೈಲ್ ಎಂದರೆ ಕಂಪೈಲರ್ ಕೊಡುವ, ಇನ್ನೂ ಲಿಂಕ್ ಆಗದ ಫೈಲ್; ಅದರೊಳಗಿನ ಕೋಡ್, ಡೇಟಾ ಮುಂತಾದ ತುಂಡುಗಳೇ ಸೆಕ್ಷನ್. ಎರಡು ದೂರಿಗೂ ಕಾರಣ ಒಂದೇ. ಬಿಎಫ್‌ಡಿ ಲೈಬ್ರರಿಯಲ್ಲಿ ಯಾವ ಫಂಕ್ಷನ್ ಮೊದಲು, ಯಾವುದು ಆಮೇಲೆ ಅನ್ನುವುದು ತುಂಬಾ ಮುಖ್ಯ. ಕ್ರಮ ತಪ್ಪಿದರೆ ಅದು ಕಿರುಚುವುದಿಲ್ಲ. ಸುಮ್ನೆ ಸುಳ್ಳು (ಫಾಲ್ಸ್) ಅಂತ ಉತ್ತರ ಕೊಟ್ಟು ಮುಂದೆ ಹೋಗುತ್ತದೆ. ಕೆಲವು ಕಡೆ ಅಷ್ಟೂ ಹೇಳುವುದಿಲ್ಲ.

ಉದಾಹರಣೆಗೆ ಇಲ್ಲಿನ ಪ್ರಾಜೆಕ್ಟ್‌ಗಳಲ್ಲಿ ಜಾಸ್ತಿ ಬರುವ ಒಂದನ್ನೇ ತೆಗೆದುಕೊಳ್ಳೋಣ: ಕಾಫಿ ಬೀಜದ ಮಾಯಿಶ್ಚರ್ ಮೀಟರ್. ಪ್ರತಿ ಮೀಟರ್‌ನ ಸೆನ್ಸರ್ ಸ್ವಲ್ಪ ಬೇರೆ. ಪಾರ್ಚ್‌ಮೆಂಟ್‌ಗೆ (ಹಣ್ಣಿನ ಸಿಪ್ಪೆ ತೆಗೆದು ಒಣಗಿಸಿದ ಬೀಜ) ಒಂದು ಪಟ್ಟಿ, ಚೆರ್ರಿಗೆ (ಹಣ್ಣನ್ನು ಹಾಗೇ ಒಣಗಿಸಿದ್ದು) ಇನ್ನೊಂದು. ಈ ಕ್ಯಾಲಿಬ್ರೇಶನ್ ಪಟ್ಟಿಯನ್ನು ಒಂದು ಆಬ್ಜೆಕ್ಟ್ ಫೈಲ್‌ನ ಬೇರೆ ಸೆಕ್ಷನ್‌ನಲ್ಲಿ ಇಟ್ಟು, ಫರ್ಮ್‌ವೇರ್ ಜೊತೆ ಲಿಂಕ್ ಮಾಡಬೇಕು. ಆ ಸೆಕ್ಷನ್‌ಗೆ ಕ್ಯಾಲಿಬ್ ಎಂದು ಹೆಸರಿಡೋಣ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಿಮಗೆ ಬೇಕಿರುವುದು ಒಂದು ಸೆಕ್ಷನ್ ಸೇರಿಸುವುದಷ್ಟೇ ಆದರೆ ಪ್ರೋಗ್ರಾಂ ಬರೆಯಲೇಬೇಡಿ. ಆಬ್ಜ್‌ಕಾಪಿ ಕಮಾಂಡ್‌ನ ಆ್ಯಡ್-ಸೆಕ್ಷನ್ ಆಯ್ಕೆ ಸಾಕು. ಸಿಂಬಲ್ (ಫಂಕ್ಷನ್, ವೇರಿಯಬಲ್‌ಗಳ ಹೆಸರು), ರಿಲೊಕೇಶನ್ (ಲಿಂಕರ್ ಆಮೇಲೆ ಅಡ್ರೆಸ್ ತುಂಬಬೇಕಾದ ಜಾಗದ ಗುರುತು) ಇವನ್ನು ನೋಡಿ ನಿಮ್ಮ ಪ್ರೋಗ್ರಾಂ ಏನಾದರೂ ತೀರ್ಮಾನ ತೆಗೆದುಕೊಳ್ಳಬೇಕು ಎಂದಿದ್ದರೆ ಮಾತ್ರ ಮುಂದೆ ಓದಿ.

## ಶುರು ಮಾಡುವ ಮುನ್ನ ಬೇಕಾದವು

ಉಬುಂಟು ಅಥವಾ ಡೆಬಿಯನ್‌ನಲ್ಲಿ ಬಿನ್‌ಯುಟಿಲ್ಸ್-ಡೆವ್ ಪ್ಯಾಕೇಜ್ ಹಾಕಿಕೊಳ್ಳಿ. ಬಿನ್‌ಯುಟಿಲ್ಸ್ ಎಂದರೆ ಲಿಂಕರ್, ಆಬ್ಜ್‌ಕಾಪಿ ಮುಂತಾದವು ಇರುವ ಟೂಲ್‌ಗಳ ಗುಂಪು. ಬಿಎಫ್‌ಡಿ.ಎಚ್ ಹೆಡರ್ ಮತ್ತು ಲೈಬ್ರರಿ ಎರಡೂ ಅದರಲ್ಲೇ ಬರುತ್ತವೆ. ಬಿನ್‌ಯುಟಿಲ್ಸ್-ಡಾಕ್ ಕೂಡ ಈಗಲೇ ಹಾಕಿಕೊಳ್ಳಿ. ಆಗ ಟರ್ಮಿನಲ್‌ನಲ್ಲಿ ಇನ್ಫೋ ಬಿಎಫ್‌ಡಿ ಅಂತ ಕೊಟ್ಟರೆ ಪೂರ್ತಿ ಕೈಪಿಡಿ ತೆರೆಯುತ್ತದೆ. ಮಳೆಗಾಲದಲ್ಲಿ ಮೂಡಿಗೆರೆ, ಸಕಲೇಶಪುರ ಕಡೆ ನೆಟ್ ಹೋದ ದಿನ ಇದೇ ನಿಮ್ಮ ಗತಿ.

ಈ ಬರಹದಲ್ಲಿ ಫಂಕ್ಷನ್ ಹೆಸರುಗಳನ್ನು ಉಚ್ಚಾರದಂತೆ ಬರೆದಿದ್ದೇನೆ. ಹೆಚ್ಚುಕಡಿಮೆ ಎಲ್ಲ ಹೆಸರೂ 'ಬಿಎಫ್‌ಡಿ_' ಎಂದೇ ಶುರುವಾಗುವುದರಿಂದ ಅದನ್ನು ಪ್ರತಿ ಸಲ ಬರೆದಿಲ್ಲ. ಟೈಪ್ ಮಾಡುವಾಗ ಹೆಡರ್ ಫೈಲನ್ನು ಪಕ್ಕದಲ್ಲಿ ತೆರೆದಿಟ್ಟುಕೊಳ್ಳಿ.

ಅಭ್ಯಾಸಕ್ಕೆ ಚಿಕ್ಕದೊಂದು ಸಿ ಫೈಲ್ ಬರೆದು, ಡೀಬಗ್ ಮಾಹಿತಿ ಇಲ್ಲದೆ ನಿಮ್ಮ ಲ್ಯಾಪ್‌ಟಾಪ್‌ಗೇ ಕಂಪೈಲ್ ಮಾಡಿ. ಮೊದಲ ದಿನವೇ ಎಆರ್‌ಎಂ ಬೋರ್ಡ್‌ನ ಫೈಲ್ ಹಿಡಿದು ಕೂರಬೇಡಿ. ಸಿ++ ಫೈಲ್ ಕೂಡ ಬೇಡ. ಅದರಲ್ಲಿ ಸೆಕ್ಷನ್ ಗುಂಪುಗಳು ಇರುತ್ತವೆ, ಅವನ್ನು ನಕಲು ಮಾಡುವುದು ಬೇರೆಯೇ ತಲೆನೋವು.

ಲೈಸೆನ್ಸ್ ವಿಷಯವೂ ಗೊತ್ತಿರಲಿ. ಬಿಎಫ್‌ಡಿ ಇರುವುದು ಜಿಪಿಎಲ್ ಅಡಿಯಲ್ಲಿ. ಸೋರ್ಸ್ ಕೊಡದೆ ಮಾರುವ ಸಾಫ್ಟ್‌ವೇರ್‌ಗೆ ಇದನ್ನು ಲಿಂಕ್ ಮಾಡುವಂತಿಲ್ಲ. ಕಾಲೇಜು ಪ್ರಾಜೆಕ್ಟ್ ಮುಂದೆ ಉತ್ಪನ್ನ ಆಗಬಹುದು ಎಂಬ ಆಸೆ ಇದ್ದರೆ ಈಗಲೇ ಯೋಚಿಸಿ.

## ಹಂತ 1: ಕಂಪೈಲ್ ಆಗುವಂತೆ ಮಾಡುವುದು

ಮೊದಲ ಎಡವಟ್ಟು ಇಲ್ಲೇ. ಬಿಎಫ್‌ಡಿ.ಎಚ್ ಸೇರಿಸಿದ ಕೂಡಲೇ "ಈ ಹೆಡರ್‌ಗೂ ಮೊದಲು ಕಾನ್ಫಿಗ್.ಎಚ್ ಸೇರಿಸಬೇಕು" ಎಂಬ ಎರರ್ ಬರುತ್ತದೆ. ಸುಮಾರು ಜನ ಆ ಕಾನ್ಫಿಗ್.ಎಚ್ ಹುಡುಕುತ್ತಾ ಗಂಟೆಗಟ್ಟಲೆ ಕಳೆಯುತ್ತಾರೆ. ಅದು ಬೇಕಿಲ್ಲ. ಹೆಡರ್ ನೋಡುವುದು ಪ್ಯಾಕೇಜ್ ಅಥವಾ ಪ್ಯಾಕೇಜ್_ವರ್ಶನ್ ಎಂಬ ಮ್ಯಾಕ್ರೊ ಇದೆಯಾ ಅಂತ ಅಷ್ಟೇ. ಇನ್‌ಕ್ಲೂಡ್ ಸಾಲಿನ ಮೇಲೆ ದೊಡ್ಡಕ್ಷರದಲ್ಲಿ ಪ್ಯಾಕೇಜ್ ಎಂಬ ಮ್ಯಾಕ್ರೊಗೆ ನಿಮ್ಮ ಪ್ರಾಜೆಕ್ಟ್ ಹೆಸರು ಕೊಡಿ, ಮುಗೀತು.

ಕಂಪೈಲ್ ಕಮಾಂಡ್‌ನಲ್ಲಿ ಲೈಬ್ರರಿ ಹೆಸರು ನಿಮ್ಮ ಸೋರ್ಸ್ ಫೈಲ್‌ನ ನಂತರವೇ ಬರಬೇಕು. ಸ್ಟ್ಯಾಟಿಕ್ ಆಗಿ ಲಿಂಕ್ ಮಾಡಿದರೆ ಇನ್ನೂ ಕೆಲವು ಲೈಬ್ರರಿ ಬೇಕು. ಎಚ್‌ಟ್ಯಾಬ್ ಎಂದು ಶುರುವಾಗುವ ಹೆಸರು ಸಿಗುತ್ತಿಲ್ಲ ಎಂದರೆ ಲಿಬ್‌ಐಬರ್ಟಿ ಸೇರಿಸಿ. ಇನ್‌ಫ್ಲೇಟ್ ಸಿಗುತ್ತಿಲ್ಲ ಎಂದರೆ ಜೆಡ್‌ಲಿಬ್. ಹೊಸ ಆವೃತ್ತಿಗಳಲ್ಲಿ ಜೆಡ್‌ಎಸ್‌ಟಿಡಿ, ಎಸ್‌ಫ್ರೇಮ್ ಕೂಡ ಕೇಳಬಹುದು.

ಇಂಟರ್ನೆಟ್‌ನಲ್ಲಿ ಸಿಗುವ ಹಳೆಯ ಉದಾಹರಣೆಗಳನ್ನು ಹಾಗೇ ಅಂಟಿಸಿದರೆ ಕಂಪೈಲ್ ಆಗುವುದಿಲ್ಲ. 2020ರಲ್ಲಿ ಬಂದ ಬಿನ್‌ಯುಟಿಲ್ಸ್ 2.34ರಿಂದ ಸೆಕ್ಷನ್_ನೇಮ್, ಸೆಕ್ಷನ್_ಸೈಜ್ ಮುಂತಾದವಕ್ಕೆ ಸೆಕ್ಷನ್ ಒಂದನ್ನೇ ಕೊಡಬೇಕು. ಮೊದಲು ಹೆಸರು ಕೇಳಲು ಫೈಲ್, ಸೆಕ್ಷನ್ ಎರಡನ್ನೂ ಕೊಡಬೇಕಿತ್ತು. 2021ರ 2.37ರಲ್ಲಿ ಬಿಎಫ್‌ಡಿ_ಬೂಲಿಯನ್ ಹೋಗಿ ಸಾಮಾನ್ಯ ಬೂಲ್ ಬಂತು. "ಆರ್ಗ್ಯುಮೆಂಟ್ ಜಾಸ್ತಿ ಆಯ್ತು" ಎಂಬ ಎರರ್ ಕಂಡರೆ ಕೋಡ್ ಹಳೆಯದು ಅಂತ ತಿಳಿಯಿರಿ.

ಈ ಲೈಬ್ರರಿಯ ಒಳಗಿನ ರಚನೆ ಆವೃತ್ತಿಯಿಂದ ಆವೃತ್ತಿಗೆ ಬದಲಾಗುತ್ತಲೇ ಇರುತ್ತದೆ. ಉಬುಂಟು 22.04ರಲ್ಲಿ 2.38 ಇದೆ, 24.04ರಲ್ಲಿ 2.42. ಲೈಬ್ರರಿ ಫೈಲ್‌ನ ಹೆಸರಲ್ಲೇ ಆವೃತ್ತಿ ಸೇರಿರುತ್ತದೆ. ಹಾಗಾಗಿ ಮನೆಯ ಲ್ಯಾಪ್‌ಟಾಪ್‌ನಲ್ಲಿ ಕಂಪೈಲ್ ಮಾಡಿದ್ದನ್ನು ಪೆನ್‌ಡ್ರೈವ್‌ನಲ್ಲಿ ಕಾಲೇಜು ಲ್ಯಾಬ್‌ಗೆ ಒಯ್ದರೆ ಓಡದೇ ಇರಬಹುದು. ಸೋರ್ಸ್ ಒಯ್ಯಿರಿ, ಅಲ್ಲೇ ಕಂಪೈಲ್ ಮಾಡಿ.

## ಹಂತ 2: ತೆರೆಯುವುದು ಮತ್ತು ಫಾರ್ಮ್ಯಾಟ್ ಪರೀಕ್ಷೆ

ಕ್ರಮ ಇಷ್ಟು: ಇನಿಟ್, ಆಮೇಲೆ ಓಪನ್‌ಆರ್, ಆಮೇಲೆ ಚೆಕ್_ಫಾರ್ಮ್ಯಾಟ್. ಈ ಮೂರೂ ಆಗುವ ತನಕ ಬೇರೆ ಯಾವುದನ್ನೂ ಕರೆಯಬೇಡಿ.

ಓಪನ್‌ಆರ್ ಗೆದ್ದಿತು ಎಂದರೆ ಫೈಲ್ ತೆರೆದುಕೊಂಡಿದೆ ಎಂದಷ್ಟೇ ಅರ್ಥ. ಒಳಗೆ ಏನಿದೆ ಎಂದು ಅದು ನೋಡಿರುವುದಿಲ್ಲ. ಅದಕ್ಕೆ ನಿಮ್ಮ ಮದುವೆ ಫೋಟೊ ಕೊಟ್ಟರೂ ಸರಿಯಾದ ಪಾಯಿಂಟರ್ ವಾಪಸ್ ಬರುತ್ತದೆ. ಒಳಗೆ ಇಣುಕಿ, ಇಎಲ್‌ಎಫ್ (ಲಿನಕ್ಸ್‌ನಲ್ಲಿ ಬಳಸುವ ಆಬ್ಜೆಕ್ಟ್ ಫೈಲ್ ರೂಪ) ಫೈಲ್‌ನ ಮೊದಲ ನಾಲ್ಕು ಬೈಟ್ 7ಎಫ್ 45 4ಸಿ 46 ಇದೆಯಾ, ಯಾವ ಪ್ರೊಸೆಸರ್‌ಗೆ ಸೇರಿದ್ದು ಎಂದೆಲ್ಲ ನೋಡಿ, ಸೆಕ್ಷನ್ ಪಟ್ಟಿ ಕಟ್ಟುವುದು ಚೆಕ್_ಫಾರ್ಮ್ಯಾಟ್. ಅದನ್ನು ಬಿಟ್ಟರೆ ಪಟ್ಟಿ ಖಾಲಿ ಇರುತ್ತದೆ. ನಿಮ್ಮ ಲೂಪ್ ಒಂದು ಸಲವೂ ತಿರುಗದೆ ಮುಗಿಯುತ್ತದೆ. "ಎರರ್ ಇಲ್ಲ, ಸೆಕ್ಷನ್ನೂ ಇಲ್ಲ" ಎಂಬ ದೂರಿನ ಮೂಲ ಇದೇ.

ಚೆಕ್_ಫಾರ್ಮ್ಯಾಟ್‌ಗೆ ಎರಡನೆಯದಾಗಿ ಬಿಎಫ್‌ಡಿ_ಆಬ್ಜೆಕ್ಟ್ ಕೊಡಿ. ಡಾಟ್ ಎ ಎಂದು ಕೊನೆಯಾಗುವ ಆರ್ಕೈವ್ ಫೈಲ್‌ಗೆ ಬಿಎಫ್‌ಡಿ_ಆರ್ಕೈವ್ ಕೊಡಬೇಕು. ಆರ್ಕೈವ್ ಒಳಗಿನ ಪ್ರತಿ ಫೈಲನ್ನು ಓಪನ್‌ಆರ್_ನೆಕ್ಸ್ಟ್_ಆರ್ಕೈವ್ಡ್_ಫೈಲ್‌ನಿಂದ ತೆಗೆಯಿರಿ. ಮುಂದಿನದು ಕೈಗೆ ಸಿಗುವ ತನಕ ಹಿಂದಿನದನ್ನು ಮುಚ್ಚಬೇಡಿ, ಯಾಕಂದ್ರೆ ಮುಂದಿನದು ಎಲ್ಲಿದೆ ಎಂದು ಲೆಕ್ಕ ಹಾಕುವುದು ಹಿಂದಿನದನ್ನು ನೋಡಿಯೇ. ಹೊರಗೆ ತೆಗೆದ ಪ್ರತಿ ಫೈಲಿಗೂ ಮತ್ತೆ ಚೆಕ್_ಫಾರ್ಮ್ಯಾಟ್ ಬೇಕು.

ಯಾವುದೇ ಫಂಕ್ಷನ್ ಸೋತರೆ ತಕ್ಷಣ ಗೆಟ್_ಎರರ್ ಕರೆದು, ಬಂದ ಸಂಖ್ಯೆಯನ್ನು ಎರರ್‌ಎಂಎಸ್‌ಜಿಗೆ ಕೊಟ್ಟು ಪ್ರಿಂಟ್ ಮಾಡಿ. ತಕ್ಷಣ ಎಂದರೆ ಮುಂದಿನ ಬಿಎಫ್‌ಡಿ ಕರೆಗೂ ಮೊದಲು. ತಡವಾದರೆ ಬೇರೆ ಎರರ್ ಬಂದು ಕೂತಿರಬಹುದು.

ಎಚ್ಚರಿಕೆಯ ಗುರುತು: ಗೆಟ್_ಟಾರ್ಗೆಟ್ ಕೊಡುವ ಹೆಸರನ್ನು ಪ್ರತಿ ಸಲ ಪ್ರಿಂಟ್ ಮಾಡಿ ನೋಡಿ. 64 ಬಿಟ್ ಇಂಟೆಲ್ ಲ್ಯಾಪ್‌ಟಾಪ್‌ನಲ್ಲಿ 'ಇಎಲ್‌ಎಫ್64-ಎಕ್ಸ್86-64' ಬರಬೇಕು. ಎಆರ್‌ಎಂ ಫೈಲ್‌ಗೆ ಬರೀ 'ಇಎಲ್‌ಎಫ್32-ಲಿಟಲ್' ಬಂದರೆ ಅಲ್ಲೇ ನಿಲ್ಲಿಸಿ. ನಿಮ್ಮ ಲೈಬ್ರರಿಗೆ ಎಆರ್‌ಎಂ ಗೊತ್ತಿಲ್ಲ. ಇದು ಯಾವುದೋ 32 ಬಿಟ್ ಇಎಲ್‌ಎಫ್ ಎಂದಷ್ಟೇ ಗುರುತಿಸಿ ಅದು ಹೂಂ ಎಂದಿದೆ. ಸೆಕ್ಷನ್ ಪಟ್ಟಿ ಸರಿಯಾಗೇ ಕಾಣುತ್ತದೆ, ಆದರೆ ರಿಲೊಕೇಶನ್‌ಗೆ ಬಂದಾಗ ಕೈ ಕೊಡುತ್ತದೆ. ಲಿಂಕರ್‌ನಿಂದ "ರಿಲೊಕೇಶನ್ಸ್ ಇನ್ ಜೆನರಿಕ್ ಇಎಲ್‌ಎಫ್, ಇಎಂ 40" ಎಂಬ ಸಂದೇಶ ನೋಡಿದ್ದೀರಾ? 40 ಅಂದರೆ ಎಆರ್‌ಎಂನ ಸಂಖ್ಯೆ. ಇದಕ್ಕೆ ಬಿನ್‌ಯುಟಿಲ್ಸ್-ಮಲ್ಟಿಆರ್ಚ್-ಡೆವ್ ಪ್ಯಾಕೇಜ್ ಹಾಕಿ, ಇಲ್ಲವೇ ಎಲ್ಲ ಟಾರ್ಗೆಟ್ ಸೇರಿಸಿ ಬಿನ್‌ಯುಟಿಲ್ಸನ್ನು ನೀವೇ ಬಿಲ್ಡ್ ಮಾಡಿಕೊಳ್ಳಿ.

## ಹಂತ 3: ಸೆಕ್ಷನ್‌ಗಳನ್ನು ಓದುವುದು

ತೆರೆದ ಫೈಲ್‌ನ ಸೆಕ್ಷನ್ಸ್ ಎಂಬ ಫೀಲ್ಡ್‌ನಿಂದ ಶುರುಮಾಡಿ ನೆಕ್ಸ್ಟ್ ಹಿಡಿದು ಹೋದರೆ ಎಲ್ಲ ಸೆಕ್ಷನ್ ಸಿಗುತ್ತವೆ. ಹೆಸರು, ಗಾತ್ರ, ಫ್ಲ್ಯಾಗ್ ಪ್ರಿಂಟ್ ಮಾಡಿ ಆಬ್ಜ್‌ಡಂಪ್ -ಎಚ್ ಕಮಾಂಡ್ ಕೊಡುವುದರ ಜೊತೆ ತಾಳೆ ನೋಡಿ.

ರೀಡೆಲ್ಫ್ ಎಂಬ ಇನ್ನೊಂದು ಕಮಾಂಡ್ ತೋರಿಸುವ ಸಿಮ್‌ಟ್ಯಾಬ್, ಸ್ಟ್ರ್‌ಟ್ಯಾಬ್, ಶ್‌ಸ್ಟ್ರ್‌ಟ್ಯಾಬ್, ರೆಲಾ ಟೆಕ್ಸ್ಟ್ ಇವು ನಿಮ್ಮ ಪಟ್ಟಿಯಲ್ಲಿ ಇರುವುದಿಲ್ಲ. ಇದು ತಪ್ಪಲ್ಲ. ಸಿಂಬಲ್ ಮತ್ತು ರಿಲೊಕೇಶನ್‌ಗಳನ್ನು ಬಿಎಫ್‌ಡಿ ಬೇರೆ ಫಂಕ್ಷನ್‌ಗಳ ಮೂಲಕ ಕೊಡುತ್ತದೆ, ಬರೆಯುವಾಗ ಆ ಸೆಕ್ಷನ್‌ಗಳನ್ನು ತಾನೇ ಕಟ್ಟುತ್ತದೆ. ಅವನ್ನು ನೀವು ಕೈಯಾರೆ ಸೃಷ್ಟಿಸಲು ಹೋದರೆ ಎರಡೆರಡು ಆಗುತ್ತವೆ.

ಒಳಗಿನ ಬೈಟ್‌ಗಳಿಗೆ ಗೆಟ್_ಸೆಕ್ಷನ್_ಕಂಟೆಂಟ್ಸ್. ಕರೆಯುವ ಮೊದಲು ಸೆಕ್_ಹ್ಯಾಸ್_ಕಂಟೆಂಟ್ಸ್ ಫ್ಲ್ಯಾಗ್ ನೋಡಿ. ಬಿಎಸ್‌ಎಸ್ (ಆರಂಭದ ಬೆಲೆ ಕೊಡದ ವೇರಿಯಬಲ್‌ಗಳ ಜಾಗ) ಸೆಕ್ಷನ್‌ಗೆ ಗಾತ್ರ ಇದೆ, ಫೈಲ್‌ನಲ್ಲಿ ಬೈಟ್ ಇಲ್ಲ. ಆದರೂ ಈ ಫಂಕ್ಷನ್ ಸೋಲುವುದಿಲ್ಲ. ನಿಮ್ಮ ಬಫರ್ ತುಂಬಾ ಸೊನ್ನೆ ಹಾಕಿ ನಿಜ ಅಂತ ಹೇಳುತ್ತದೆ. ಆ ಸೊನ್ನೆಗಳನ್ನು ನಂಬಿಕೊಂಡರೆ ಬರೆಯುವಾಗ ಗೊಂದಲ ಆಗುತ್ತದೆ.

## ಹಂತ 4: ಸಿಂಬಲ್ ಮತ್ತು ರಿಲೊಕೇಶನ್

ಗೆಟ್_ಸಿಮ್‌ಟ್ಯಾಬ್_ಅಪ್ಪರ್_ಬೌಂಡ್ ಕರೆದರೆ ಎಷ್ಟು ಬೈಟ್ ಜಾಗ ಬೇಕು ಎಂದು ಹೇಳುತ್ತದೆ. ಎಷ್ಟು ಸಿಂಬಲ್ ಎಂದಲ್ಲ. ಅಷ್ಟು ಮ್ಯಾಲಾಕ್ ಮಾಡಿ ಕ್ಯಾನೊನಿಕಲೈಸ್_ಸಿಮ್‌ಟ್ಯಾಬ್‌ಗೆ ಕೊಟ್ಟರೆ ಅದು ಪಾಯಿಂಟರ್‌ಗಳನ್ನು ತುಂಬಿ ನಿಜವಾದ ಎಣಿಕೆ ವಾಪಸ್ ಕೊಡುತ್ತದೆ. ಎರಡರ ಉತ್ತರವನ್ನೂ ಲಾಂಗ್ ವೇರಿಯಬಲ್‌ನಲ್ಲೇ ಇಡಿ. ಮೈನಸ್ ಬಂದರೆ ಎರರ್. ಅದನ್ನು ಸೈಜ್_ಟಿಯಲ್ಲಿ ಇಟ್ಟರೆ ಮೈನಸ್ ಒಂದು ಎನ್ನುವುದು ಭಾರೀ ದೊಡ್ಡ ಸಂಖ್ಯೆಯಾಗಿ, ಮ್ಯಾಲಾಕ್ ಸೋತು, ನೀವು ಮೆಮರಿ ಸಾಲದೇ ಎಂದು ಎಲ್ಲೆಲ್ಲೋ ಹುಡುಕುತ್ತೀರಿ.

ಸಿಂಬಲ್‌ನ ವ್ಯಾಲ್ಯೂ ಫೀಲ್ಡ್ ಅದರ ಸೆಕ್ಷನ್ ಶುರುವಾಗುವ ಜಾಗದಿಂದ ಎಷ್ಟು ದೂರ ಎಂದು ಹೇಳುತ್ತದೆ. ಪೂರ್ತಿ ಅಡ್ರೆಸ್ ಬೇಕಾದರೆ ಆಸಿಂಬಲ್_ವ್ಯಾಲ್ಯೂ ಬಳಸಿ. ಆಬ್ಜೆಕ್ಟ್ ಫೈಲ್‌ನಲ್ಲಿ ಸೆಕ್ಷನ್‌ಗಳ ಅಡ್ರೆಸ್ ಸಾಮಾನ್ಯವಾಗಿ ಸೊನ್ನೆ, ಆದ್ದರಿಂದ ಅಲ್ಲಿ ಎರಡೂ ಒಂದೇ ಬರುತ್ತದೆ. ಲಿಂಕ್ ಆದ ಫೈಲ್ ಓದಿದಾಗ ವ್ಯತ್ಯಾಸ ಗೊತ್ತಾಗುತ್ತದೆ.

ಈಗ ರಿಲೊಕೇಶನ್. ಇದನ್ನು ನಿಧಾನವಾಗಿ ಓದಿ, ಅರ್ಧಕ್ಕರ್ಧ ಜನ ಸೋಲುವುದು ಇಲ್ಲೇ. ನಿಮ್ಮ ಸಿ ಫೈಲ್‌ನಲ್ಲಿ ಬೇರೆ ಫೈಲ್‌ನ ಫಂಕ್ಷನ್ ಒಂದನ್ನು ಕರೆಯುವ ಸಾಲು ಇದೆ ಎನ್ನಿ. ಕಂಪೈಲ್ ಮಾಡಿ ಆಬ್ಜ್‌ಡಂಪ್ -ಡಿ ಕೊಟ್ಟು ನೋಡಿ. ಆ ಜಾಗದಲ್ಲಿ ಇ8 00 00 00 00 ಎಂದು ಇರುತ್ತದೆ. ಇ8 ಎಂದರೆ ಕಾಲ್. ಮುಂದಿನ ನಾಲ್ಕು ಬೈಟ್ ಎಷ್ಟು ದೂರ ಹಾರಬೇಕು ಎಂಬುದು. ಅದು ಕಂಪೈಲರ್‌ಗೆ ಗೊತ್ತಿಲ್ಲ, ಹಾಗಾಗಿ ಸೊನ್ನೆ ಬಿಟ್ಟಿದೆ. ಅಲ್ಲಿಗೆ ಯಾವ ಸಿಂಬಲ್‌ನ ಅಡ್ರೆಸ್ ತುಂಬಬೇಕು ಎಂದು ಲಿಂಕರ್‌ಗೆ ಹೇಳುವುದೇ ರಿಲೊಕೇಶನ್. ನೀವು ಬೈಟ್‌ಗಳನ್ನು ಮಾತ್ರ ನಕಲು ಮಾಡಿ ರಿಲೊಕೇಶನ್ ಬಿಟ್ಟರೆ ಲಿಂಕರ್ ತಕರಾರು ತೆಗೆಯದೇ ಇರಬಹುದು, ಅದಕ್ಕೆ ತುಂಬುವ ಕೆಲಸವೇ ಇಲ್ಲವಲ್ಲ. ರನ್ ಮಾಡಿದಾಗ ಕಾಲ್ ಸೊನ್ನೆ ದೂರ ಹಾರುತ್ತದೆ, ಅಂದರೆ ಪಕ್ಕದ ಸಾಲಿಗೇ ಬಂದು ಬೀಳುತ್ತದೆ. ಫಂಕ್ಷನ್ ಓಡುವುದಿಲ್ಲ, ಸ್ಟ್ಯಾಕ್‌ನಲ್ಲಿ ಒಂದು ಬೇಡದ ಅಡ್ರೆಸ್ ಉಳಿಯುತ್ತದೆ, ಆಮೇಲೆ ಎಲ್ಲೋ ಕ್ರ್ಯಾಶ್.

ಓದುವ ವಿಧಾನ ಸಿಂಬಲ್‌ನಂತೆಯೇ. ಸೆಕ್ಷನ್ ಒಂದೊಂದಕ್ಕೂ ಗೆಟ್_ರಿಲಾಕ್_ಅಪ್ಪರ್_ಬೌಂಡ್, ಆಮೇಲೆ ಕ್ಯಾನೊನಿಕಲೈಸ್_ರಿಲಾಕ್. ಇದಕ್ಕೆ ಸಿಂಬಲ್ ಪಟ್ಟಿಯನ್ನೂ ಕೊಡಬೇಕು, ಆದ್ದರಿಂದ ಸಿಂಬಲ್ ಮೊದಲು.

ಪ್ರತಿ ರಿಲೊಕೇಶನ್ ನಿಮ್ಮ ಸಿಂಬಲ್ ಪಟ್ಟಿಯ ಒಂದು ಮನೆಗೆ ಬೆರಳು ತೋರಿಸುತ್ತಿರುತ್ತದೆ. ಅಲ್ಲಿಂದ ಮುಂದೆ ಆ ಪಟ್ಟಿಯನ್ನು ಮುಟ್ಟಬೇಡಿ. ಚೆಂದಕ್ಕೆ ಕಾಣಲಿ ಅಂತ ಅಕ್ಷರ ಕ್ರಮದಲ್ಲಿ ಜೋಡಿಸಿದರೆ ಮನೆ ಅದೇ ಇರುತ್ತದೆ, ಒಳಗಿನ ಸಿಂಬಲ್ ಬೇರೆ ಆಗಿರುತ್ತದೆ. ಪ್ರಿಂಟ್ ಮಾಡಲು ಜೋಡಿಸಲೇಬೇಕು ಎಂದರೆ ಪಟ್ಟಿಯ ಪ್ರತಿ ಮಾಡಿಕೊಂಡು ಅದನ್ನು ಜೋಡಿಸಿ.

## ಹಂತ 5: ಹೊಸ ಆಬ್ಜೆಕ್ಟ್ ಫೈಲ್ ಬರೆಯುವುದು

ಇದ್ದ ಫೈಲನ್ನು ತಿದ್ದುವ ಮೊದಲು ಹೊಸದೊಂದನ್ನು ಬರೆಯಿರಿ. ನಮ್ಮ ಕ್ಯಾಲಿಬ್ರೇಶನ್ ಪಟ್ಟಿಗೆ ಅಷ್ಟೇ ಸಾಕು ಕೂಡ: ಒಂದು ಸೆಕ್ಷನ್, ಒಂದು ಸಿಂಬಲ್.

ತೋಟದಲ್ಲಿ ಗುಂಡಿ ತೆಗೆಯುವ ಮೊದಲು ಹಗ್ಗ ಹಿಡಿದು ಗೂಟ ಹೊಡೆಯುತ್ತಾರಲ್ಲ, ಇಲ್ಲೂ ಹಾಗೇ. ಎಲ್ಲ ಅಳತೆ ಮೊದಲು, ಬೈಟ್ ಆಮೇಲೆ. ಕ್ರಮ ಹೀಗೆ:

1. ಓಪನ್‌ಡಬ್ಲ್ಯೂ. ಟಾರ್ಗೆಟ್ ಹೆಸರನ್ನು ಸ್ಪಷ್ಟವಾಗಿ ಕೊಡಿ, ನಲ್ ಬೇಡ.
2. ಸೆಟ್_ಫಾರ್ಮ್ಯಾಟ್, ಆಮೇಲೆ ಸೆಟ್_ಆರ್ಚ್_ಮ್ಯಾಕ್.
3. ಮೇಕ್_ಸೆಕ್ಷನ್_ವಿತ್_ಫ್ಲ್ಯಾಗ್ಸ್. ಫ್ಲ್ಯಾಗ್‌ಗಳು: ಅಲಾಕ್, ಲೋಡ್, ಡೇಟಾ, ರೀಡ್‌ಓನ್ಲಿ, ಹ್ಯಾಸ್_ಕಂಟೆಂಟ್ಸ್.
4. ಸೆಟ್_ಸೆಕ್ಷನ್_ಸೈಜ್, ಸೆಟ್_ಸೆಕ್ಷನ್_ಅಲೈನ್‌ಮೆಂಟ್.
5. ಮೇಕ್_ಎಂಪ್ಟಿ_ಸಿಂಬಲ್. ಹೆಸರು, ಸೆಕ್ಷನ್, ವ್ಯಾಲ್ಯೂ ಸೊನ್ನೆ, ಫ್ಲ್ಯಾಗ್ ಬಿಎಸ್‌ಎಫ್_ಗ್ಲೋಬಲ್ ತುಂಬಿ.
6. ಸೆಟ್_ಸಿಮ್‌ಟ್ಯಾಬ್. ಪಟ್ಟಿಯ ಕೊನೆಯಲ್ಲಿ ನಲ್ ಇರಲಿ, ಎಣಿಕೆಯಲ್ಲಿ ಆ ನಲ್ ಸೇರಿಸಬೇಡಿ.
7. ಸೆಟ್_ಸೆಕ್ಷನ್_ಕಂಟೆಂಟ್ಸ್.
8. ಕ್ಲೋಸ್.

ಏಳನೆಯದನ್ನು ಒಂದು ಸಲ ಕರೆದಿರೋ, ಬಾಗಿಲು ಮುಚ್ಚಿತು. ಆ ಕ್ಷಣದಲ್ಲಿ ಬಿಎಫ್‌ಡಿ ಫೈಲ್‌ನಲ್ಲಿ ಯಾವುದು ಎಲ್ಲಿ ಎಂದು ಲೆಕ್ಕ ಹಾಕಿಬಿಡುತ್ತದೆ. ಆಮೇಲೆ ಹೊಸ ಸೆಕ್ಷನ್ ಮಾಡಲು, ಗಾತ್ರ ಬದಲಿಸಲು ಹೋದರೆ 'ಇನ್‌ವ್ಯಾಲಿಡ್ ಆಪರೇಶನ್' ಎಂಬ ಎರರ್. ಲೂಪ್ ಒಂದರಲ್ಲೇ ಸೆಕ್ಷನ್ ಮಾಡಿ, ತುಂಬಿ, ಮುಂದಿನದಕ್ಕೆ ಹೋಗುವ ಕೋಡ್ ಮೊದಲ ಸೆಕ್ಷನ್‌ಗೆ ಓಡಿ ಎರಡನೆಯದಕ್ಕೆ ಬೀಳುವುದು ಇದಕ್ಕೇ. ಎರಡು ಲೂಪ್ ಬರೆಯಿರಿ.

ಅಲೈನ್‌ಮೆಂಟ್‌ಗೆ ಕೊಡುವುದು ಬೈಟ್ ಅಲ್ಲ, ಎರಡರ ಘಾತ. 4 ಬೈಟ್ ಬೇಕಿದ್ದರೆ 2 ಕೊಡಿ. 16 ಬೈಟ್ ಬೇಕು ಅಂತ 16 ಕೊಟ್ಟರೆ 65,536 ಬೈಟ್‌ಗೆ ಅಲೈನ್ ಆಗುತ್ತದೆ. ನಾಲ್ಕು ಸಾಲಿನ ಪಟ್ಟಿಯ ಫೈಲ್ ಒಮ್ಮೆಗೇ 64 ಕೆಬಿ ದಾಟಿದರೆ ಇದನ್ನೇ ನೋಡಿ.

ಮೀಟರ್‌ನ ಅಂಕಿಗಳನ್ನು ನೇರ ಮೆಮ್‌ಕಾಪಿ ಮಾಡಬೇಡಿ. ಪುಟ್_16, ಪುಟ್_32 ಬಳಸಿ. ಟಾರ್ಗೆಟ್‌ನ ಬೈಟ್ ಕ್ರಮವನ್ನು ಅವು ತಾವೇ ನೋಡಿಕೊಳ್ಳುತ್ತವೆ. ನಿಮ್ಮ ಲ್ಯಾಪ್‌ಟಾಪ್ ಮತ್ತು ಬೋರ್ಡ್ ಎರಡೂ ಲಿಟಲ್ ಎಂಡಿಯನ್ ಆಗಿದ್ದರೆ ಇವತ್ತು ವ್ಯತ್ಯಾಸ ಕಾಣದು, ಆದರೂ ಅಭ್ಯಾಸ ಮಾಡಿಕೊಳ್ಳಿ.

ಕೊನೆಗೆ ಕ್ಲೋಸ್. ಇದರ ಉತ್ತರವನ್ನು ಯಾರೂ ನೋಡುವುದೇ ಇಲ್ಲ, ನನಗೆ ತುಂಬಾ ಬೇಸರ ತರಿಸುವ ವಿಷಯ ಇದು. ಸಿಂಬಲ್ ಟೇಬಲ್, ರಿಲೊಕೇಶನ್, ಹೆಡರ್ ಇವೆಲ್ಲ ಫೈಲ್‌ಗೆ ಇಳಿಯುವುದು ಕ್ಲೋಸ್ ಹೊತ್ತಿಗೆ. ಡಿಸ್ಕ್ ತುಂಬಿದ್ದರೂ, ಸಿಂಬಲ್‌ನ ಸೆಕ್ಷನ್ ತಪ್ಪಿದ್ದರೂ ಗೊತ್ತಾಗುವುದು ಆಗಲೇ. ಸುಳ್ಳು ಬಂದರೆ ಎರರ್ ಪ್ರಿಂಟ್ ಮಾಡಿ ಫೈಲ್ ಅಳಿಸಿ. ಕ್ಲೋಸ್ ಆಗುವ ತನಕ ಸಿಂಬಲ್ ಪಟ್ಟಿ, ರಿಲೊಕೇಶನ್ ಪಟ್ಟಿ ಎರಡನ್ನೂ ಫ್ರೀ ಮಾಡಬಾರದು ಎನ್ನುವುದಕ್ಕೂ ಕಾರಣ ಇದೇ. ಫಂಕ್ಷನ್ ಒಳಗಿನ ಲೋಕಲ್ ಅರೇಯಲ್ಲಿ ಸಿಂಬಲ್ ಪಟ್ಟಿ ಇಟ್ಟು, ಹೊರಗೆ ಬಂದ ಮೇಲೆ ಕ್ಲೋಸ್ ಮಾಡುವ ಕೋಡ್ ಒಮ್ಮೆ ಓಡುತ್ತದೆ, ಒಮ್ಮೆ ಓಡುವುದಿಲ್ಲ.

ಲ್ಯಾಪ್‌ಟಾಪ್‌ಗೇ ಲಿಂಕ್ ಮಾಡುವಾಗ 2.39 ಅಥವಾ ನಂತರದ ಲಿಂಕರ್ ಸ್ಟ್ಯಾಕ್ ಎಕ್ಸಿಕ್ಯೂಟಬಲ್ ಆಗುತ್ತದೆ ಎಂದು ಎಚ್ಚರಿಸಬಹುದು. '.ನೋಟ್.ಗ್ನೂ-ಸ್ಟ್ಯಾಕ್' ಎಂಬ ಖಾಲಿ ಸೆಕ್ಷನ್ ಒಂದನ್ನು ಸೇರಿಸಿದರೆ ಹೋಗುತ್ತದೆ. ಅದರಲ್ಲಿ ಗ್ನೂ ಎಂಬುದು ಮಾತ್ರ ದೊಡ್ಡಕ್ಷರ.

## ಹಂತ 6: ಇದ್ದ ಫೈಲನ್ನು ಬದಲಾಯಿಸಿ ಬರೆಯುವುದು

ಅದೇ ಫೈಲಿನ ಮೇಲೆ ಬರೆಯಬೇಡಿ. ಓದುತ್ತಿರುವ ಹೆಸರಿಗೇ ಓಪನ್‌ಡಬ್ಲ್ಯೂ ಕೊಟ್ಟರೆ ಮೂಲ ಫೈಲ್ ಹೋಯ್ತು. ಅದೇ ಫೋಲ್ಡರ್‌ನಲ್ಲಿ ತಾತ್ಕಾಲಿಕ ಹೆಸರಿಗೆ ಬರೆದು, ಕ್ಲೋಸ್ ಗೆದ್ದ ಮೇಲೆ ರಿನೇಮ್ ಮಾಡಿ. ಮಳೆಗಾಲದಲ್ಲಿ ಕರೆಂಟ್ ಯಾವಾಗ ಹೋಗುತ್ತೆ ಹೇಳಕ್ಕಾಗಲ್ಲ, ಡೆಸ್ಕ್‌ಟಾಪ್‌ನಲ್ಲಿ ಕೆಲಸ ಮಾಡುವವರಿಗೆ ಇದು ಇನ್ನೂ ಮುಖ್ಯ.

ಮೊದಲ ಸುತ್ತಿನಲ್ಲಿ ಪ್ರತಿ ಇನ್‌ಪುಟ್ ಸೆಕ್ಷನ್‌ಗೆ ಔಟ್‌ಪುಟ್‌ನಲ್ಲಿ ಒಂದು ಸೆಕ್ಷನ್ ಮಾಡಿ, ಗಾತ್ರ, ಅಡ್ರೆಸ್, ಅಲೈನ್‌ಮೆಂಟ್ ಹೊಂದಿಸಿ. ಇನ್‌ಪುಟ್ ಸೆಕ್ಷನ್‌ನ ಔಟ್‌ಪುಟ್_ಸೆಕ್ಷನ್ ಫೀಲ್ಡ್‌ಗೆ ಹೊಸದನ್ನು ತೋರಿಸಿ, ಔಟ್‌ಪುಟ್_ಆಫ್‌ಸೆಟ್ ಸೊನ್ನೆ ಮಾಡಿ. ಈ ಎರಡು ಸಾಲು ಮರೆತರೆ ಹಳೆಯ ಸಿಂಬಲ್‌ಗಳಿಗೆ ತಾವು ಯಾವ ಸೆಕ್ಷನ್‌ಗೆ ಸೇರಿದವು ಎಂದು ಗೊತ್ತಾಗದೆ ಬರೆಯುವಾಗ ಎಡವುತ್ತದೆ. ಜೊತೆಗೆ ಕಾಪಿ_ಪ್ರೈವೇಟ್_ಸೆಕ್ಷನ್_ಡೇಟಾ ಕರೆಯಿರಿ. ಬಿಎಫ್‌ಡಿಯ ಸಾಮಾನ್ಯ ರೂಪದಲ್ಲಿ ಹಿಡಿಸದ ಇಎಲ್‌ಎಫ್ ವಿವರಗಳು ಅದರಿಂದಲೇ ದಾಟುವುದು.

ಆಮೇಲೆ ಸೆಟ್_ಸಿಮ್‌ಟ್ಯಾಬ್, ಆಮೇಲೆ ಪ್ರತಿ ಸೆಕ್ಷನ್‌ಗೆ ಸೆಟ್_ರಿಲಾಕ್, ಆಮೇಲೆಯೇ ಕಂಟೆಂಟ್. ಕೊನೆಗೆ ಕಾಪಿ_ಪ್ರೈವೇಟ್_ಬಿಎಫ್‌ಡಿ_ಡೇಟಾ. ರಿಲೊಕೇಶನ್ ಕಂಟೆಂಟ್‌ಗಿಂತ ಮೊದಲೇ ಬರಬೇಕು, ಇಲ್ಲದಿದ್ದರೆ ಅದಕ್ಕೆ ಫೈಲ್‌ನಲ್ಲಿ ಜಾಗ ಹಿಡಿದಿರುವುದಿಲ್ಲ.

ಮುಚ್ಚುವಾಗ ಔಟ್‌ಪುಟ್ ಮೊದಲು, ಇನ್‌ಪುಟ್ ಆಮೇಲೆ. ಸಿಂಬಲ್ ಹೆಸರುಗಳೆಲ್ಲ ಇನ್‌ಪುಟ್‌ನ ಮೆಮರಿಯಲ್ಲೇ ಇವೆ. ಅದನ್ನು ಮೊದಲು ಮುಚ್ಚಿದರೆ ಹೆಸರುಗಳ ಜಾಗದಲ್ಲಿ ಕಸ ಬರುತ್ತದೆ.

## ಹಂತ 7: ಪರೀಕ್ಷೆ

ಏನೂ ಬದಲಾಯಿಸದೆ ನಕಲು ಮಾಡುವ ಪ್ರೋಗ್ರಾಂ ಮೊದಲು ಸರಿಯಾಗಲಿ. ಅದೇ ಫೈಲನ್ನು ಆಬ್ಜ್‌ಕಾಪಿಯಿಂದಲೂ ನಕಲು ಮಾಡಿ, ಎರಡನ್ನೂ ಹೋಲಿಸಿ.

ಹೋಲಿಸಲು ರೀಡೆಲ್ಫ್ ಬಳಸಿ, ಆಬ್ಜ್‌ಡಂಪ್ ಒಂದನ್ನೇ ನಂಬಬೇಡಿ. ಆಬ್ಜ್‌ಡಂಪ್ ಕೂಡ ಬಿಎಫ್‌ಡಿ ಮೂಲಕವೇ ಓದುತ್ತದೆ. ರೀಡೆಲ್ಫ್ ಬೇಕೆಂದೇ ಬಿಎಫ್‌ಡಿ ಇಲ್ಲದೆ ಫೈಲನ್ನು ನೇರವಾಗಿ ಓದುತ್ತದೆ, ಹಾಗಾಗಿ ಅದರ ಸಾಕ್ಷಿಗೆ ತೂಕ ಜಾಸ್ತಿ. ಸೆಕ್ಷನ್‌ಗೆ ದೊಡ್ಡಕ್ಷರದ -ಎಸ್, ಸಿಂಬಲ್‌ಗೆ ಚಿಕ್ಕಕ್ಷರದ -ಎಸ್, ರಿಲೊಕೇಶನ್‌ಗೆ -ಆರ್. ಮೂಲ ಫೈಲ್‌ನಲ್ಲಿ ಇದ್ದಷ್ಟೇ ರಿಲೊಕೇಶನ್ ಹೊಸದರಲ್ಲೂ ಇರಬೇಕು.

ಆಮೇಲೆ ಲಿಂಕ್ ಮಾಡಿ, ಓಡಿಸಿ. ಲ್ಯಾಪ್‌ಟಾಪ್‌ನಲ್ಲಿ ಸರಿ ಬಂದದ್ದು ಬೋರ್ಡ್‌ನಲ್ಲಿ ಪಟ್ಟಿಯೇ ಇಲ್ಲ ಎಂದರೆ ನಿಮ್ಮ ಬಿಎಫ್‌ಡಿ ಕೋಡ್ ತಿದ್ದಲು ಹೋಗಬೇಡಿ. ಫರ್ಮ್‌ವೇರ್ ಬಿಲ್ಡ್‌ಗಳಲ್ಲಿ ಸಾಮಾನ್ಯವಾಗಿ ಜಿಸಿ-ಸೆಕ್ಷನ್ಸ್ ಆಯ್ಕೆ ಇರುತ್ತದೆ. ಯಾರೂ ಹೆಸರು ಹಿಡಿದು ಕರೆಯದ ಸೆಕ್ಷನ್‌ಗಳನ್ನು ಲಿಂಕರ್ ತೆಗೆದು ಹಾಕುತ್ತದೆ. ಪಟ್ಟಿಯನ್ನು ಸಿಂಬಲ್ ಮೂಲಕ ಓದದೆ, ಫ್ಲ್ಯಾಶ್‌ನ ಇಂತಿಷ್ಟನೇ ಅಡ್ರೆಸ್ ಎಂದು ಓದುತ್ತಿದ್ದರೆ ಹೀಗಾಗುತ್ತದೆ. ಲಿಂಕರ್ ಸ್ಕ್ರಿಪ್ಟ್‌ನಲ್ಲಿ ಕ್ಯಾಲಿಬ್ ಸೆಕ್ಷನ್‌ಗೆ ದೊಡ್ಡಕ್ಷರದ ಕೀಪ್ ಹಾಕಿ, ಮ್ಯಾಪ್ ಫೈಲ್ ತೆಗೆಸಿ, ಅದರಲ್ಲಿ ಸೆಕ್ಷನ್ ಯಾವ ಅಡ್ರೆಸ್‌ಗೆ ಕೂತಿದೆ ಎಂದು ನೋಡಿದ ಮೇಲೆಯೇ ಬೋರ್ಡ್‌ಗೆ ಹಾಕಿ.